ದ್ವೀಪಕ್ಕೆಂದು ತಂದ ಅಂಗಿ

"ಆ ಬಿಳಿ ಅಂಗಿ ಕೊಡು, ಹಾಕ್ಕೊಂತೀನಿ," ಎಂದ ಜಡೆಪ್ಪ, ಆಸ್ಪತ್ರೆಯಿಂದ ಬಂದು ಚಪ್ಪಲಿ ಬಿಡುತ್ತಲೇ.

ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ಹೆಂಡತಿ ಕೊಟ್ರಮ್ಮನ ಕೈ ನಿಂತಿತು. ಕೆಂಪು ಧೂಳೆಬ್ಬಿಸುವ ಕಬ್ಬಿಣದ ಅದಿರಿನ ಲಾರಿಗಳು ಹೆಚ್ಚಿದ ಮೇಲೆ ಸಂಡೂರಿನ ಆ ಮನೆಗೆ ಬಿಳಿ ಬಟ್ಟೆಯೇ ಬಂದಿರಲಿಲ್ಲ. ಇದು ಅಂಡಮಾನಿಗೆಂದೇ ತಂದ ಅಂಗಿ. ಅಲ್ಲಿನ ಸಮುದ್ರದ ಗಾಳಿಗೆ ಗಂಡನ ಕೆಮ್ಮು ಇಳಿಯುತ್ತದೆಂದು ಅವಳು ನಂಬಿದ್ದಳು.

"ಇಲ್ಲಿ ಬ್ಯಾಡ್ರಿ, ಸಂಜಿಗೆಲ್ಲ ಕೆಂಪಗಾಗತೈತಿ. ದ್ವೀಪದಾಗ ಹಾಕ್ಕೊಳ್ರಿ, ಮದಿಮಗನಂಗ ಕಾಣ್ತೀರಿ."

"ಆದ್ರ ಆಗ್ಲಿ ಬಿಡು." ಅವನು ಕೆಮ್ಮುತ್ತ ಗೋಡೆ ಹಿಡಿದ. "ಮದಿಮಗನ್ನ ಇಲ್ಲೇ ನೋಡ್ಕೊಂಡ್ ಬಿಡು."

ಡಾಕ್ಟರು ಏನೆಂದರೆಂದು ಅವಳು ಕೇಳಲಿಲ್ಲ. ಮಡಿಕೆ ಬಿಡಿಸಿ ಅಂಗಿ ತೊಡಿಸಿದಳು, ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಆಮೇಲೆ, ಧೂಳಿಗೆ ಹೆದರಿ ವರ್ಷಗಳಿಂದ ಮುಚ್ಚಿಟ್ಟಿದ್ದ ಬೀದಿಯ ಕಿಟಕಿಯನ್ನು, ಅವನನ್ನು ಬೆಳಕಿನಲ್ಲಿ ನೋಡಲೆಂದು, ಪೂರ್ತಿ ತೆರೆದಳು.