ಕೆಂಪಿಗೆ ಏರುವ ಮುಳ್ಳು

ವೈರಿಂಗ್ ಮೇಸ್ತ್ರಿ ಎಕ್ಸ್‌ಕವೇಟರಿನ ಕ್ಯಾಬಿನ್ ಹತ್ತಿ ಕೂತು, ಎಂಜಿನ್ ಚಾಲೂ ಮಾಡಿ ಬಹಳ ಹೊತ್ತು ಮಣ್ಣು ಅಗೆದ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದು ನಿಂತದ್ದು ಅಲ್ಲೇ ನಿಂತಿತು. ಕೆಳಗಿದ್ದ ಭಾವ, ತಾನು ಕೂತಾಗ ಬಂದು ನೋಡಬೇಕಿತ್ತು, ಸೀದಾ ಕೆಂಪಿಗೆ ಹೋಗಿ ಹೊಡೆಯುತ್ತದೆ ಎಂದ. ಅವನ ಹೆಂಡತಿಯ ತಮ್ಮ ಅಷ್ಟು ದೂರದಲ್ಲಿ ನಿಂತು ನೆಲ ನೋಡುತ್ತಿದ್ದ. ಭಾವ ಬಾಮೈದ ಇಬ್ಬರೂ ಮಾತು ಬಿಟ್ಟು ವಾರಗಳಾಗಿದ್ದವು.

ಮಿಷನ್ ಹಳೆಯದು, ಇಬ್ಬರೂ ಕೂಡಿ ಕೊಂಡದ್ದು. ಬೆಳಗಿನ ಪಾಳಿ ಬಾಮೈದನದು, ಮಧ್ಯಾಹ್ನದ್ದು ಭಾವನದು. ಭಾವ ಕೂತು ಕೆಲಸ ಶುರುಮಾಡಿದ ಸ್ವಲ್ಪ ಹೊತ್ತಿಗೆಲ್ಲ ಮುಳ್ಳು ಕೆಂಪಿಗೆ ಏರುತ್ತಿತ್ತು. ಅವನು ಹೆದರಿ ಎಂಜಿನ್ ನಿಲ್ಲಿಸಿ, ಬೈಯುತ್ತ ಇಳಿದು ಮನೆಗೆ ಹೋಗುತ್ತಿದ್ದ. ಬಾಮೈದನನ್ನು ಕೇಳಿದರೆ, ನನಗೆ ಒಂದು ದಿನವೂ ಏರಿಲ್ಲ ಎನ್ನುತ್ತಿದ್ದ. ಒಂದೋ ಇವನು ಮುಳ್ಳಿನ ಕಡೆ ಕಣ್ಣೇ ಹಾಯಿಸುವುದಿಲ್ಲ, ಇಲ್ಲವೇ ನೋಡಿಯೂ ಸುಳ್ಳು ಹೇಳುತ್ತಾನೆ ಎಂದು ಭಾವ ತೀರ್ಮಾನಿಸಿದ. ಬೆಳಗ್ಗೆ ಎಂಜಿನ್ ಬೇಯಿಸಿ ಮಧ್ಯಾಹ್ನ ನನ್ನ ತಲೆಗೆ ಕಟ್ಟುತ್ತಾನೆ ಎಂದು ಹೆಂಡತಿಯ ಮುಂದೆ ಕೂಗಾಡಿದ.

ಅವಳಿಗೆ ಅತ್ತ ದರಿ, ಇತ್ತ ಪುಲಿ. ಗಂಡನ ಪರ ಮಾತಾಡಿದರೆ ತಮ್ಮನಿಗೆ ನೋವು, ತಮ್ಮನ ಪರ ಮಾತಾಡಿದರೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಪೆಟ್ಟು. ಕೊನೆಗೆ ಮಿಷನ್ ಮಾರುವುದೆಂದಾಯಿತು. ಕೆಟ್ಟ ಎಂಜಿನ್ನಿನ ಬೆಲೆಗೆ ಕೊಳ್ಳಲು ಒಬ್ಬ ಸಂಜೆ ಬರುವವನಿದ್ದ. ಮಾರಿದರೆ ಇಬ್ಬರೂ ಮತ್ತೆ ಯಾರದೋ ಮಿಷನ್ನಿಗೆ ಡ್ರೈವರುಗಳಾಗಬೇಕು, ಬಾಮೈದ ಅಕ್ಕನ ಮನೆಯ ಹೊಸಿಲು ತುಳಿಯುವುದೂ ಅಲ್ಲಿಗೆ ಮುಗಿದಂತೆ. ಮಾರುವ ಮುಂಚೆ ಒಮ್ಮೆ ತೋರಿಸಿ ಎಂದು ಅವಳೇ ಹಟ ಹಿಡಿದು ಮೇಸ್ತ್ರಿಯನ್ನು ಕಳಿಸಿದ್ದಳು.

ಮೇಸ್ತ್ರಿ ಈಗ ಭಾವನನ್ನು ಹತ್ತಿಸಿದ. ಪರೀಕ್ಷೆಗೆ ಕೂತವನ ಹಾಗೆ ಭಾವ ಸೀಟಿನ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಮುಳ್ಳು ಅಲುಗಲಿಲ್ಲ. ಸುಳ್ಳು ಹೇಳಿ ಮೈಮೇಲೆ ಕೇಸು ಹಾಕಿಸಿಕೊಂಡಷ್ಟು ಅವಮಾನವಾಯಿತು ಅವನಿಗೆ.

"ಫೋಟೋಗೆ ಕೂತ ಹಾಗೆ ಕೂರಬೇಡಿ. ದಿನಾ ಹೇಗೆ ಕೂರ್ತೀರೋ ಹಾಗೆ ಕೂತ್ಕೊಳ್ಳಿ," ಎಂದ ಮೇಸ್ತ್ರಿ.

ಭಾವ ಹಿಂದಕ್ಕೊರಗಿ ಮೈಭಾರವನ್ನೆಲ್ಲ ಬಿಟ್ಟ. ಅದೇನು ಸಣ್ಣ ಭಾರವಲ್ಲ. ಅವನ ಹೆಂಡತಿಯ ಕೈರುಚಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಸೀಟು ನರಳಿ ಕೆಳಗಿಳಿಯಿತು. ಮುಳ್ಳು ಮೆಲ್ಲಗೆ ಎದ್ದು ಕೆಂಪು ಮುಟ್ಟಿತು. ಮೇಸ್ತ್ರಿ ಅವನನ್ನು ಹಾಗೇ ಕೂರಿಸಿ, ಕೆಳಗಿಳಿದು ಎಂಜಿನ್ನಿನ ಬಿಸಿಯನ್ನು ಬೇರೆಯಾಗಿ ಅಳೆದ. ಇರಬೇಕಾದಷ್ಟೇ ಇತ್ತು. ಆ ಬಿಸಿಯನ್ನು ಮುಳ್ಳಿಗೆ ತಿಳಿಸುವ ಸೆನ್ಸರಿನ ತಂತಿ ಕಳಚಿದ. ತಂತಿ ಕಳಚಿದರೆ ಮುಳ್ಳು ಬೀಳಬೇಕು, ಬೀಳಲಿಲ್ಲ. ಅಂದರೆ ತಪ್ಪು ಎಂಜಿನ್ನಿನದೂ ಅಲ್ಲ, ಸೆನ್ಸರಿನದೂ ಅಲ್ಲ; ತಂತಿ ದಾರಿಯಲ್ಲೆಲ್ಲೋ ಕಬ್ಬಿಣಕ್ಕೆ ತಗುಲುತ್ತಿದೆ. ಆಮೇಲೆ ಅವನು ಭಾವನನ್ನು ಏಳಿಸಿದ, ಮುಳ್ಳು ಬಿತ್ತು. ಕೂರಿಸಿದ, ಎದ್ದಿತು. ಖಾತ್ರಿಯಾಗುವವರೆಗೂ ಆ ದೊಡ್ಡ ಮನುಷ್ಯನಿಂದ ಬಸ್ಕಿ ಹೊಡೆಸಿದ.

ಸೀಟು ಬಿಚ್ಚಿದಾಗ ಎಲ್ಲ ಬಯಲಾಯಿತು. ಹಿಂದಿನ ಮಾಲೀಕ ಯಾರೋ ಹತ್ತಿರದ ದಾರಿಯೆಂದು ತಂತಿಯನ್ನು ಸೀಟಿನ ಅಡಿಯಿಂದಲೇ ಎಳೆದಿದ್ದ. ಸೀಟಿನ ಕಬ್ಬಿಣ ಒತ್ತಿ ಒತ್ತಿ ತಂತಿಯ ಸಿಪ್ಪೆ ಸುಲಿದಿತ್ತು. ಕಡ್ಡಿಯಂಥ ಬಾಮೈದ ಕೂತರೆ ಸೀಟು ಅಲ್ಲಿಯವರೆಗೆ ಇಳಿಯುವುದೇ ಇಲ್ಲ. ಭಾವ ಒರಗಿದರೆ ಸಾಕು, ಕಬ್ಬಿಣ ತಂತಿಯನ್ನು ಮುಟ್ಟಿ ಮುಳ್ಳನ್ನು ಕೆಂಪಿಗೆ ಎಬ್ಬಿಸುತ್ತಿತ್ತು.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎನ್ನುತ್ತ ಮೇಸ್ತ್ರಿ ತಂತಿಗೆ ಟೇಪು ಸುತ್ತಿ ಕ್ಯಾಬಿನ್ನಿನ ಗೋಡೆಯ ಪಕ್ಕಕ್ಕೆ ಸರಿಸಿದ. ಎಂಜಿನ್ ಗುಂಡುಕಲ್ಲಿನ ಹಾಗಿದೆ, ಮಾರುವ ಮಾತು ಬಿಡಿ ಎಂದ.

ಭಾವನಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಕೊಳ್ಳುವವನಿಗೆ ಫೋನ್ ಮಾಡಿ ಬರಬೇಡಿ ಎಂದ. ಮೇಸ್ತ್ರಿಯ ಮಸಿ ಹತ್ತಿದ ಕೈಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ಮನೆ ಉಳಿಸಿದ್ರಿ," ಎಂದ. ಹಟಮಾರಿ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎಂದು ಅವನಿಗೆ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಮೇಸ್ತ್ರಿ ಸಂಕೋಚದಿಂದ ಕೈ ಬಿಡಿಸಿಕೊಂಡ. ತಾನು ಸುತ್ತಿದ್ದು ಒಂದು ಗೇಣು ಟೇಪು ಅಷ್ಟೇ, ಎಂಜಿನ್ ಇಷ್ಟು ಚೆನ್ನಾಗಿರುವುದಕ್ಕೆ ಬೇರೆಯವರಿಗೆ ಕೈಮುಗಿಯಬೇಕು ಎಂದ. ಮಣ್ಣು ಧೂಳಿನಲ್ಲಿ ದುಡಿಯುವ ಹಳೆ ಮಿಷನ್ನಿನಲ್ಲಿ ಎಂಜಿನ್ ತಣಿಸುವ ರೇಡಿಯೇಟರು ಹೀಗೆ ಕನ್ನಡಿಯಂತಿರುವುದನ್ನು ತಾನು ಕಂಡಿದ್ದೇ ಇಲ್ಲ, ಇದನ್ನು ತೊಳೆಯುವವರು ಯಾರು ಎಂದು ಕೇಳಿದ.

ಭಾವ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಅವನು ತಿರುಗಿ ನೋಡಿದ. ಬಾಮೈದ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ತಲೆ ಕೆರೆದುಕೊಂಡು, ಭಾವ ಮನೆಗೆ ಹೋದಮೇಲೆ ಸಂಜೆ ತಾನು ಬಂದು ತೊಳೆಯುತ್ತಿದ್ದೆ, ಒಂದೆರಡು ಸಲ ನೀರೂ ಬದಲಿಸಿದೆ ಎಂದು ಮೇಸ್ತ್ರಿಗೆ ಹೇಳಿದ.

ವಾರಗಳ ನಂತರ ಭಾವನೇ ಮೊದಲು ಬಾಯಿಬಿಟ್ಟ.

"ನಿನಗೆ ಮುಳ್ಳು ಏರೇ ಇರಲಿಲ್ಲವಲ್ಲೋ. ಮತ್ಯಾಕೆ ತೊಳೀತಿದ್ದೆ?"

"ನನಗೆ ಕಾಣದಿದ್ರೆ ಏನಾಯ್ತು ಭಾವ? ನೀವು ಕಂಡೆ ಅಂದ್ರಲ್ಲ."