ಬಾಪೂಸಾಹೇಬರು ಮುಚ್ಚಿಟ್ಟ ಕಾರು

ಮುನಿ ಮಹಾರಾಜರು ಬಸದಿಯಿಂದ ಹೊರಡಲು ಹತ್ತೇ ನಿಮಿಷ ಉಳಿದಿತ್ತು. ಬಾಪೂಸಾಹೇಬ ಮಗದೂಮರು ಅಂಗಳದಲ್ಲಿ ನಿಂತು ಒಂದು ಹಳದಿ ಕಾರಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಡಿಯುಟ್ಟಿದ್ದರಿಂದ ಮುಟ್ಟುವಂತಿರಲಿಲ್ಲ, ಇಲ್ಲದಿದ್ದರೆ ಒದ್ದೇ ಬಿಡುತ್ತಿದ್ದರು.

"ಸಂಮೇದಾ! ಇದರ ಮ್ಯಾಲಿನ ತಾಡಪತ್ರಿ ಎಲ್ಲಿ ಹೋತೋ?"

"ಅವ್ವ ಒಯ್ದಾಳ್ರಿ," ಎಂದ ಮಗ. "ಮೋಡ ಆಗೇತಲ್ಲ, ಒಣಗಾಕ ಹಾಕಿದ ದ್ರಾಕ್ಷಿ ಮ್ಯಾಲೆ ಹೊಚ್ಚಾಕ."

"ಇವತ್ತ ಬೇಕಿತ್ತಾ ಆ ದ್ರಾಕ್ಷಿ! ದೂಡೋ ಇದನ್ನ, ಹಿತ್ತಲಕ್ಕ ದೂಡು!"

ಸಂಮೇದ ದೂಡಿದ. ಕಾರು ಜಪ್ಪಯ್ಯ ಎನ್ನಲಿಲ್ಲ. ಒಳಗೆ ಕೂತು ಚಾವಿ ತಿರುವಿದ. ಮುದುಕನಂತೆ ಕೆಮ್ಮಿ ಸುಮ್ಮನಾಯಿತು.

ಮಾಲಗಾಂವದ ಜೈನರ ಓಣಿಗೆ ಮೂರು ದಿನದಿಂದ ಸಮಾಧಾನವಿರಲಿಲ್ಲ. ಕಾಲ್ನಡಿಗೆಯಲ್ಲಿ ಬಂದಿದ್ದ ದಿಗಂಬರ ಮುನಿಗಳು ಅಂದಿನಿಂದ ಗುಟುಕು ನೀರನ್ನೂ ಮುಟ್ಟಿರಲಿಲ್ಲ. ಮುನಿಗಳು ಬೆಳಿಗ್ಗೆ ಮನಸ್ಸಿನಲ್ಲೇ ಒಂದು ಗುರುತು ಸಂಕಲ್ಪಿಸಿಕೊಂಡು ಹೊರಡುತ್ತಾರೆ. ಯಾರ ಮನೆ ಮುಂದೆ ಆ ಗುರುತು ಕಾಣುತ್ತದೋ ಅಲ್ಲಿ ಆಹಾರ. ಕಾಣದಿದ್ದರೆ ಉಪವಾಸ. ಏನು ಗುರುತು ಎಂದು ಅವರು ಮೊದಲೇ ಹೇಳುವಂತಿಲ್ಲ, ಇವರು ಕೇಳುವಂತಿಲ್ಲ.

ಓಣಿಗೆ ಓಣಿಯೇ ಊಹೆಗೆ ಬಿದ್ದಿತ್ತು. ತೆಂಗಿನಕಾಯಿ ಹಿಡಿದರು, ಜೋಡಿ ಕಳಶ ಹಿಡಿದರು, ಕಬ್ಬು ಹಿಡಿದರು. ಎದುರುಮನೆಯ ಪಾರ್ಶ್ವನಾಥನಂತೂ ನಿನ್ನೆ ಬಾಸಿಂಗ ಕಟ್ಟಿಕೊಂಡು, ಅರವತ್ತರ ಹೆಂಡತಿಗೂ ಕಟ್ಟಿ, ಬಾಗಿಲಲ್ಲಿ ನಿಂತಿದ್ದ. ಮಹಾರಾಜರು ನೋಡಿ ಮುಂದೆ ಹೋದರು. ಹೆಂಡತಿ ಅವನೊಡನೆ ಮಾತು ಬಿಟ್ಟಿದ್ದಳು.

ಆದರೆ ಉಪವಾಸದ ಕಾರಣ ಬಾಪೂಸಾಹೇಬರಿಗೊಬ್ಬರಿಗೇ ಗೊತ್ತಿತ್ತು. ಅಥವಾ ಹಾಗೆಂದು ಅವರು ನಂಬಿದ್ದರು. ಕಾರಣ ಈ ದರಿದ್ರ ಕಾರು.

ಇಪ್ಪತ್ತೈದು ವರ್ಷಗಳ ಹಿಂದೆ ಮಿರಜದಲ್ಲಿ ತೆಗೆದ ಒಂದು ಮರಾಠಿ ಸಿನಿಮಾದಲ್ಲಿ ಇಂಥದೇ ಹಳದಿ ಪದ್ಮಿನಿ ಕಾರು ಮುಚ್ಚಿದ ರೈಲ್ವೆ ಗೇಟನ್ನು ಹಾರಿ ಆಚೆ ಮೂಗು ಕೆಳಗಾಗಿ ಬಿದ್ದಿತ್ತು. ಆ ಸಿನಿಮಾದ ನಾಯಕನನ್ನು ಜನ ಮರೆತರು. ಕಥೆ ಮೊದಲೇ ಇರಲಿಲ್ಲ. ಕಾರು ಮಾತ್ರ ನೆನಪಿನಲ್ಲಿ ಉಳಿಯಿತು. ಅದನ್ನೇ ಗುಜರಿಯಲ್ಲಿ ಹುಡುಕಿ ತಂದೆನೆಂದು ಸಂಮೇದ ಹೇಳಿದಾಗ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಸಿನಿಮಾದ ಕಾರ ಹಾರತಾವ, ಮಾತಾಡತಾವ. ನಿಂದು ಡುಪ್ಲಿಕೇಟೋ, ಸುರೂನ ಆಗಂಗಿಲ್ಲ!" ಎಂದಿದ್ದ ಪಾರ್ಶ್ವನಾಥ.

ಮಹಾರಾಜರು ಊರಿಗೆ ಬಂದ ಸಂಜೆಯೇ ಬಾಪೂಸಾಹೇಬರು ಬಸದಿಗೆ ಹೋಗಿ ಕೈಮುಗಿದು ದೂರು ಕೊಟ್ಟಿದ್ದರು. "ನನ್ನ ಮಗಗ ಸಿನಿಮಾದ ಕಾರಿನ ಹುಚ್ಚು ಹಿಡದೈತ್ರಿ ಮಹಾರಾಜ. ಬಿಡು ಅಂತ ಒಂದ ಮಾತ ಹೇಳ್ರಿ."

"ಯಾವ ಕಾರು?"

"ಹಳದಿ ಪದ್ಮಿನಿರಿ. ಮಿರಜದ ರೇಲ್ವೆ ಗೇಟ ಹಾರಿದ್ದು ಇದ ಅಂತಾನ್ರಿ."

ಮಹಾರಾಜರು ತಮ್ಮ ಕುಂಟು ಎಡಗಾಲಿನ ಮೇಲೆ ಕೈಯಾಡಿಸಿದರು. "ಮೋಹ ಬಿಡೂದು ಸಸಾರ ಅಲ್ಲ, ಬಾಪೂಸಾಹೇಬ," ಎಂದಷ್ಟೇ ಅಂದರು. ಮರುದಿನದಿಂದ ಉಪವಾಸ.

ಇನ್ನೇನು ಬೇಕು? ಪಾಪದ ವಸ್ತುವಿನ ಹೆಸರೆತ್ತಿ ಮುನಿಗಳ ಮನಸ್ಸು ಕೆಡಿಸಿದೆನೆಂದು ಬಾಪೂಸಾಹೇಬರಿಗೆ ಖಾತ್ರಿಯಾಯಿತು. ದೂರು ಕೊಟ್ಟ ಸಂಜೆಯೇ, ಮುನಿಗಳ ಕಣ್ಣಿಗೆ ಬೀಳದಿರಲೆಂದು, ಮನೆಗೆ ಬಂದವರೇ ಕಾರಿನ ಮೇಲೆ ತಾಡಪತ್ರಿ ಎಳೆದು, ನಾಲ್ಕೂ ಮೂಲೆಗೆ ಕಲ್ಲು ಹೇರಿದ್ದರು. ಇವತ್ತು ನಾಲ್ಕನೆಯ ದಿನ. ಇವತ್ತೂ ಆಹಾರವಾಗದೆ ಮುನಿಗಳಿಗೆ ಏನಾದರೂ ಆದರೆ?

"ಬಂದ್ರು, ಬಂದ್ರು!" ಎಂದು ಹೆಂಡತಿ ಮಂಗಲ ಕೈಯಲ್ಲಿ ಕಳಶ ಹಿಡಿದು ಒಳಗಿನಿಂದ ಓಡಿ ಬಂದಳು. ಗಂಡನನ್ನು ನೋಡಿ ದಂಗಾದಳು. ಬಾಪೂಸಾಹೇಬರು ಹೆಗಲ ಮೇಲಿನ ಬಿಳಿ ಉತ್ತರೀಯವನ್ನು ಎರಡೂ ಕೈಯಲ್ಲಿ ಬಿಚ್ಚಿ ಹಿಡಿದು ಕಾರಿಗೆ ಅಡ್ಡಲಾಗಿ ನಿಂತಿದ್ದರು.

"ಇದೇನ್ರೀ, ಬಾವಲಿ ಆದಂಗ!"

"ಸುಮ್ನಿರು. ಕಾರ ಕಾಣಬಾರದು."

ಮಹಾರಾಜರು ತಿರುವಿನಲ್ಲಿ ಕಾಣಿಸಿದರು. ಬಲಗೈ ಭುಜದ ಮೇಲೆ, ಎಡಗೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ. ಮೊದಲಿನಿಂದಲೂ ಕುಂಟುತ್ತಿದ್ದ ಎಡಗಾಲು ಇವತ್ತು ಇನ್ನಷ್ಟು ಎಳೆಯುತ್ತಿತ್ತು. ಪಾರ್ಶ್ವನಾಥನ ಮನೆ ದಾಟಿದರು. ಬಾಪೂಸಾಹೇಬರ ಮುಂದೆ ಬಂದರು. ಉತ್ತರೀಯ ಮೊಳಕಾಲಿನ ತನಕ ಮಾತ್ರ ಸಾಲುತ್ತಿತ್ತು. ಕಾರು ಎರಡೂ ಕಡೆ ಧಾರಾಳವಾಗಿ ಹೊರಗಿತ್ತು.

ಮಹಾರಾಜರು ನಿಂತರು.

ಮಂಗಲಳೇ ಮೊದಲು ಬಾಯಿ ಬಿಟ್ಟು ಆಹ್ವಾನಿಸಿದಳು. "ನಮೋಸ್ತು ಸ್ವಾಮಿ, ನಮೋಸ್ತು! ಅತ್ರ ಅತ್ರ, ತಿಷ್ಠ ತಿಷ್ಠ!" ಗಂಡನ ಪಕ್ಕೆಗೆ ಮೊಳಕೈಯಿಂದ ತಿವಿದಳು. ಇಬ್ಬರೂ ಮೂರು ಸುತ್ತು ಬಂದು ಒಳಗೆ ಕರೆದೊಯ್ದರು. ಮುನಿಗಳ ಅಂಗೈಯಲ್ಲಿ ಮೊದಲ ಗುಟುಕು ನೀರು ಬಿದ್ದಾಗ ಬಾಪೂಸಾಹೇಬರು ಗಳಗಳನೆ ಅತ್ತುಬಿಟ್ಟರು.

ಹೊರಗೆ ಓಣಿಯೆಲ್ಲ ನೆರೆದಿತ್ತು. ಗುರುತು ಯಾವುದಿರಬಹುದು? "ಆ ಉತ್ತರೀಯಾನ ಗುರುತು. ನನಗ ನಿನ್ನೇನ ಹೊಳದಿತ್ತು," ಎಂದು ಪಾರ್ಶ್ವನಾಥ ತೀರ್ಪು ಕೊಟ್ಟ. ನಾಲ್ಕಾರು ಮಂದಿ ಅಲ್ಲೇ ಉತ್ತರೀಯ ಬಿಚ್ಚಿ ಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡಿದರು. ಆಹಾರ ಮುಗಿದು ಹೊರಬಂದ ಬಾಪೂಸಾಹೇಬರ ಕಿವಿಗೂ ಇದು ಬಿತ್ತು. ಅವರ ಎದೆ ಎರಡು ಅಂಗುಲ ಉಬ್ಬಿತು.

"ಮಹಾರಾಜ," ಎಂದರು ಅಂಗಳದಲ್ಲಿ, ಎಲ್ಲರಿಗೂ ಕೇಳುವಂತೆ. "ಆಹಾರ ಆತಲ್ರಿ, ಇನ್ನ ಹೇಳ್ರಿ. ಸಂಕಲ್ಪ ನನ್ನ ಉತ್ತರೀಯದ್ದ ಇತ್ತಲ್ರಿ?"

ಮಹಾರಾಜರು ನಕ್ಕರು. "ಅದು ಹೌದಂದ್ರ ನಾಳೆ ಊರೆಲ್ಲಾ ಬಾವಲಿ ಆಗ್ತದ," ಎಂದರು. "ಬಾಪೂಸಾಹೇಬ, ಮೂರ ದಿನಾ ಈ ಕಾರ ಎಲ್ಲಿ ಮುಚ್ಚಿಟ್ಟಿದ್ರಿ?"

ಬಾಪೂಸಾಹೇಬರು ಉತ್ತರೀಯವನ್ನು ಮೆಲ್ಲಗೆ ಮಡಚಿ ಹೆಗಲಿಗೆ ಹಾಕಿಕೊಂಡರು. ಸುರುವಾಗದ ಕಾರಿನ ಚಾವಿ ಹಿಡಿದು ನಿಂತಿದ್ದ ಸಂಮೇದನ ಕಡೆ ಮಹಾರಾಜರು ತಿರುಗಿದರು.

"ಆಗೂ ಇದು ಹಿಂಗ ಸತಾಯಿಸತಿತ್ತು, ತಮ್ಮಾ, ಗೇಟ ಹಾರಿಸೋ ದಿನಾ ನಾ ಏಳ ಸಲ ಚಾವಿ ತಿರುವಿದ ಮ್ಯಾಲೆ ಸುರು ಆತು."