ಡಾಕ್ಟರಮ್ಮನಿಗೆಂದು ಕಾಸಿದ ಚಹಾ

ಮುದುಕ ಮ್ಯಾಲಕಿಯ ಮಣಿಕಟ್ಟಿನಿಂದ ಭಾನುವಾರದ ಸರದಿಯ ಡಾಕ್ಟರ್ ಓರ್ಲಾ ಬೆರಳು ತೆಗೆದಳು. ನಾಡಿ ನಿಂತಿತ್ತು, ಮೈ ಮಾತ್ರ ಇನ್ನೂ ಕಾದ ಹೆಂಚಿನಂತಿತ್ತು. ಸದಾ ಮಳೆ ಸುರಿಯುವ ಮೇಯೋ ಸೀಮೆ ಎಂದೂ ಕಾಣದ ಬಿಸಿಲಿನಲ್ಲಿ, ಅವನ ಕುರ್ಚಿಯ ಪಕ್ಕದಲ್ಲೇ ಒಲೆ ಧಗಧಗ ಉರಿಯುತ್ತಿತ್ತು.

“ಈ ಸೆಕೇಲಿ ಒಲೆ ಯಾಕಮ್ಮಾ ಹಚ್ಚಿದ್ರಿ?”

“ಸರಿಹೋಯ್ತು! ರಜಾ ದಿನ ಮನೆಗೆ ಬಂದ ಡಾಕ್ಟರಮ್ಮನ್ನ ಬರಿಬಾಯಲ್ಲಿ ಕಳಿಸಿದ್ರೆ ದೇವರು ಮೆಚ್ತಾನಾ?” ಎಂದು ಅವನ ಹೆಂಡತಿ ಡೀಲಿಯಾ ನಕ್ಕಳು. “ತಡ ಆಗತ್ತೆ ಅಂತ ಫೋನ್ ಮಾಡಿದ್ರಲ್ಲ, ಚಹಾ, ಬ್ರೆಡ್ಡು ಆರಬಾರದು ಅಂತ ಮತ್ತೆ ಮತ್ತೆ ಉರಿ ಹಾಕಿದೆ. ಇವರಿಗೆ ಈಗಷ್ಟೇ ನಿದ್ದೆ ಹತ್ತಿದೆ. ಮೊದಲು ನೀವು ಕುಡೀರಿ, ಆಮೇಲೆ ಎಬ್ಬಿಸೋಣ.”

ಕಡಲತೀರದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿದವರ ಸುಟ್ಟ ಬೆನ್ನುಗಳಿಗೆ ಮುಲಾಮು ಬರೆದುಕೊಡುತ್ತಾ ಓರ್ಲಾ ತಡಮಾಡಿದ್ದಳು. ಡೀಲಿಯಾ ಹಬ್ಬಕ್ಕೆಂದೇ ಎತ್ತಿಟ್ಟಿದ್ದ ಕಪ್ಪಿಗೆ ಚಹಾ ಸುರಿದು ಅವಳ ಕೈಗಿಟ್ಟಳು. ಆ ಚಹಾವನ್ನು ಓರ್ಲಾ ಆದಷ್ಟು ನಿಧಾನವಾಗಿ ಕುಡಿದಳು.